ಏರುಬಿಸಿಲು, ಇಳಿಬಿಸಿಲು ಮತ್ತು ಮಕ್ಕಳ ಆಟ

ಪೋಷಕರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು, ಕೇಳಿದವರ ಒತ್ತಾಯದ ಮೇರೆಗೆ, ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನಲ್ಲಿ ಸಹಜವಾಗಿ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ವಿಷಯ ಬಂದ ಜಾಗದಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬೇಸಿಗೆ ರಜೆ ಹತ್ತಿರ ಬಂದಂತೆಲ್ಲ ತಂದೆ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಈ ಬಿಸಿಲಿನಲ್ಲಿ ಮಕ್ಕಳನ್ನು ಆಡಲು ಹೊರಗೆ ಬಿಡಬಹುದೆ, ಬಾರದೆ? ಮಕ್ಕಳಿಗೆ ಓಟ ಕಲಿಸುತ್ತ ಎಷ್ಟೋ ಬೇಸಿಗೆಗಳನ್ನು ಮೈದಾನದಲ್ಲೇ ಕಳೆದ ನನಗೆ, ಪ್ರಶ್ನೆ ಕೇಳಿದ ರೀತಿಯಲ್ಲೇ ಒಂದು ತೊಡಕಿದೆ ಎನಿಸುತ್ತದೆ. ಬಿಡಬಹುದು ಎಂದರೆ ಮಟಮಟ ಮಧ್ಯಾಹ್ನದಲ್ಲೂ ಬಿಟ್ಟುಬಿಡುವವರಿದ್ದಾರೆ. ಬಾರದು ಎಂದರೆ ರಜೆ ಮುಗಿಯುವವರೆಗೂ ಮಗುವನ್ನು ಮೊಬೈಲಿನ ಮುಂದೆ ಕೂರಿಸುವವರಿದ್ದಾರೆ. ಈ ವಿಷಯದಲ್ಲಿ ನಮ್ಮ ಭಾಷೆ ನಮಗಿಂತ ಜಾಣತನ ತೋರಿದೆ. ಬಿಸಿಲು ಎಂಬ ಒಂದೇ ಮಾತಿಗೆ ನಿಲ್ಲದೆ ಎಳೆಬಿಸಿಲು, ಏರುಬಿಸಿಲು, ಉರಿಬಿಸಿಲು, ಇಳಿಬಿಸಿಲು ಎಂದು ಹೊತ್ತುಹೊತ್ತಿಗೆ ಬೇರೆ ಹೆಸರಿಟ್ಟು, ಇವೆಲ್ಲ ಒಂದೇ ಅಲ್ಲ ಎಂಬುದನ್ನು ಅದು ಎಂದೋ ಹೇಳಿಬಿಟ್ಟಿದೆ. ಆಟವನ್ನು ನಿಲ್ಲಿಸಬೇಕಿಲ್ಲ, ಅದರ ಹೊತ್ತನ್ನೂ ಜಾಗವನ್ನೂ ಬದಲಿಸಿದರೆ ಸಾಕು ಎಂಬುದಷ್ಟೇ ನಾನು ಇಂದು ಹೇಳಹೊರಟಿರುವ ಮಾತು; ಆದರೆ ಹಾಗೆ ಬದಲಿಸಬೇಕಾದರೆ ಬಿಸಿಲಿನೊಳಗೆ ಏನೇನಿದೆ ಎಂಬುದು ನಮಗೆ ತಿಳಿದಿರಬೇಕಾಗುತ್ತದೆ.

ಮೊದಲಿಗೆ, ಮಗುವನ್ನು ಒಳಗೇ ಉಳಿಸಿಕೊಂಡರೆ ಆಗುವ ನಷ್ಟವನ್ನು ನೋಡೋಣ, ಏಕೆಂದರೆ ಆ ನಷ್ಟ ಕಣ್ಣಿಗೆ ಕಾಣುವುದಿಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು ಚಟುವಟಿಕೆಯಲ್ಲಿ ತೊಡಗಬೇಕು, ವಾರದಲ್ಲಿ ಕನಿಷ್ಠ 3 ದಿನ ಮೂಳೆ ಮತ್ತು ಸ್ನಾಯುಗಳಿಗೆ ಬಲ ಕೊಡುವಂಥ ಬಿರುಸಿನ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. 3 ಮತ್ತು 4 ವರ್ಷದ ಮಕ್ಕಳಿಗೆ ಅದೇ ಸಂಸ್ಥೆ 2019ರಲ್ಲಿ ಸೂಚಿಸಿದ್ದು ದಿನಕ್ಕೆ 180 ನಿಮಿಷ. ಅಂದರೆ ಮೂರು ವರ್ಷದ ಮಗು ಒಂದು ಕಡೆ ಕೂರುವುದಿಲ್ಲ ಎಂದು ನಾವು ದೂರುವುದು ವಾಸ್ತವದಲ್ಲಿ ಆ ಮಗುವಿನ ಆರೋಗ್ಯದ ಲಕ್ಷಣ. ಆದರೆ 146 ದೇಶಗಳ ಶಾಲಾ ಮಕ್ಕಳ ಮಾಹಿತಿಯನ್ನು ಒಟ್ಟುಮಾಡಿ ನೋಡಿದಾಗ, 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿ ಆ 60 ನಿಮಿಷವನ್ನೂ ಮುಟ್ಟುತ್ತಿಲ್ಲವೆಂದು ಕಂಡುಬಂದಿತು. ಇದು 2016ರ ಸ್ಥಿತಿ.

ರಜೆಯಲ್ಲಿ ಮಕ್ಕಳು ಹೆಚ್ಚು ಆಡುತ್ತಾರೆ ಎಂದು ನಾವು ನಂಬಿಕೊಂಡಿದ್ದೇವೆ. ಅಮೆರಿಕದಲ್ಲಿ ಪುಟ್ಟ ಮಕ್ಕಳ ತೂಕವನ್ನು ಶಾಲೆಯ ಅವಧಿಯಲ್ಲಿ ಮತ್ತು ರಜೆಯಲ್ಲಿ ಬೇರೆ ಬೇರೆಯಾಗಿ ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಬೊಜ್ಜಿನ ಏರಿಕೆ ಕಂಡದ್ದೆಲ್ಲ ಬೇಸಿಗೆ ರಜೆಗಳಲ್ಲಿ, ಶಾಲೆ ನಡೆಯುವ ತಿಂಗಳುಗಳಲ್ಲಿ ಅಲ್ಲ. ಕಾರಣ ಊಹಿಸಲು ಕಷ್ಟವೇನಿಲ್ಲ. ಶಾಲೆ ಎಷ್ಟೇ ಕೂರಿಸಿದರೂ ಅಲ್ಲಿ ಗಂಟೆ ಬಾರಿಸುತ್ತದೆ, ಬಿಡುವಿದೆ, ನಡೆದು ಹೋಗಿ ಬರುವುದಿದೆ, ಮಲಗಿ ಏಳುವುದಕ್ಕೆ ಹೊತ್ತಿದೆ. ರಜೆ ಬಂತೆಂದರೆ ಈ ಚೌಕಟ್ಟು ಇಡಿಯಾಗಿ ಕಳಚಿ ಬೀಳುತ್ತದೆ.

ಹೊರಗಿನ ಬೆಳಕಿಗೂ ಕಣ್ಣಿಗೂ ಇರುವ ಸಂಬಂಧ ಇನ್ನೂ ಸ್ವಾರಸ್ಯಕರವಾದದ್ದು. ಚೀನಾದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣದಲ್ಲಿ ಕಳೆಯುವ ಅವಕಾಶ ಕೊಟ್ಟು ಮೂರು ವರ್ಷ ಗಮನಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಾಮೂಲಿ ವೇಳಾಪಟ್ಟಿಯ ಮಕ್ಕಳಲ್ಲಿ ಶೇ. 39.5ರಷ್ಟು ಮಂದಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಬಂದಿದ್ದರೆ, ಹೊರಗೆ ಹೆಚ್ಚು ಹೊತ್ತು ಇದ್ದವರಲ್ಲಿ ಅದು ಶೇ. 30.4ಕ್ಕೆ ನಿಂತಿತ್ತು. ಬೆಳಕೇ ಇಲ್ಲಿ ಕೆಲಸ ಮಾಡುತ್ತದೆಂದು ತಜ್ಞರ ಅಭಿಪ್ರಾಯ. ಬೆಳಕನ್ನು ಅಳೆಯುವ ಮಾನ ಲಕ್ಸ್; ಮನೆಯ ಕೋಣೆಯಲ್ಲಿ ಸಾಮಾನ್ಯವಾಗಿ 500 ಲಕ್ಸ್‌ಗಿಂತ ಕಡಿಮೆ ಬೆಳಕಿದ್ದರೆ, ಹೊರಗೆ ಮರದ ನೆರಳಿನಲ್ಲಿ ಕೂಡ ಹಲವು ಸಾವಿರ ಲಕ್ಸ್ ಇರುತ್ತದೆ. ನೆರಳಿನಲ್ಲಿ ಕೂಡ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ಕಣ್ಣಿನ ಸಲುವಾಗಿ ಮಗು ಉರಿಬಿಸಿಲಿನಲ್ಲಿ ನಿಲ್ಲಬೇಕಿಲ್ಲ.

ಇನ್ನು ಬಿಸಿಲಿನ ವಿಚಾರ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಉಷ್ಣತಾಮಾಪಕ ಇಟ್ಟು ನೋಡುತ್ತಿದ್ದಾಗ, ಕೆಂಪಿನ ಆಚೆ, ಏನೂ ಬೆಳಕಿಲ್ಲದ ಜಾಗದಲ್ಲಿ, ಶಾಖ ಎಲ್ಲಕ್ಕಿಂತ ಹೆಚ್ಚಾಗಿರುವುದನ್ನು ಕಂಡರು. ಮರುವರ್ಷ, 1801ರಲ್ಲಿ, ಯೋಹಾನ್ ವಿಲ್ಹೆಲ್ಮ್ ರಿಟರ್ ಅದೇ ಬಣ್ಣಗಳ ಇನ್ನೊಂದು ತುದಿಯಲ್ಲಿ, ನೇರಳೆಯ ಆಚೆ, ಸಿಲ್ವರ್ ಕ್ಲೋರೈಡ್ ಲೇಪಿಸಿದ ಕಾಗದ ಬೇಗನೆ ಕಪ್ಪಾಗುವುದನ್ನು ಗುರುತಿಸಿದರು. ಹೀಗೆ ಒಂದೇ ಬಿಸಿಲಿನ ಎರಡು ಅಂಚುಗಳಲ್ಲಿ ಕಣ್ಣಿಗೆ ಕಾಣದ ಎರಡು ಸಂಗತಿಗಳಿವೆ. ಒಂದು ಶಾಖ, ಅದು ಮೈಗೆ ತಿಳಿಯುತ್ತದೆ. ಇನ್ನೊಂದು ಅತಿನೇರಳೆ ಕಿರಣ, ಅದು ತಿಳಿಯುವುದೇ ಇಲ್ಲ.

ಪೋಷಕರಾಗಿ ನಾವು ಮಾಡುವ ಹೆಚ್ಚಿನ ತಪ್ಪುಗಳು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ ಆಗುತ್ತವೆ. ಅತಿನೇರಳೆ ಕಿರಣ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂಬುದನ್ನು ಅನುಸರಿಸುತ್ತದೆ. ಸೂರ್ಯ ನೆತ್ತಿಯ ಹತ್ತಿರ ಬಂದಾಗ ಕಿರಣಗಳು ಓಝೋನ್ ಪದರವನ್ನು ನೇರವಾಗಿ, ಅಂದರೆ ಅತಿ ಕಡಿಮೆ ದಾರಿಯಲ್ಲಿ, ಹಾದು ಬರುವುದರಿಂದ ನಡುಹಗಲಿನಲ್ಲಿ ಅದು ತುತ್ತತುದಿ ಮುಟ್ಟುತ್ತದೆ. ಶಾಖ ಹಾಗಲ್ಲ. ನೆಲ ಕಾದು, ನೆಲದಿಂದ ಗಾಳಿ ಕಾಯಬೇಕಾದ್ದರಿಂದ ದಿನದ ಅತಿ ಹೆಚ್ಚಿನ ಉಷ್ಣಾಂಶ ಸಾಮಾನ್ಯವಾಗಿ ನಡುಹಗಲು ಕಳೆದು ಎರಡು ಮೂರು ಗಂಟೆಗಳ ನಂತರ ಬರುತ್ತದೆ. ಹಾಗಾಗಿ ಬೆಳಗಿನ ಹತ್ತೂವರೆಗೆ ತಂಗಾಳಿ ಬೀಸುತ್ತಿದ್ದರೆ, ಸೆಖೆಯಿಲ್ಲವಲ್ಲ ಎಂದು ನೆಮ್ಮದಿಯಿಂದ ಇರುವ ಹೊತ್ತಿನಲ್ಲೇ ಚರ್ಮ ಸುಡಲು ಬೇಕಾದಷ್ಟು ಕಿರಣ ಬೀಳುತ್ತಿರಬಹುದು. ಸಂಜೆ ಐದಕ್ಕೆ ಗಾಳಿ ಇನ್ನೂ ಕಾವಲಿಯ ಹಾಗಿದ್ದರೂ ಅತಿನೇರಳೆಯ ಕಾಟ ಬಹುಪಾಲು ಇಳಿದಿರುತ್ತದೆ. ಬೆಳಗಿನ ಏರುಬಿಸಿಲಿಗೆ ಟೋಪಿಯ ಎಚ್ಚರ ಹೆಚ್ಚು ಬೇಕು, ಸಂಜೆಯ ಇಳಿಬಿಸಿಲಿಗೆ ನೀರಿನ ಎಚ್ಚರ ಹೆಚ್ಚು ಬೇಕು. ಎರಡೂ ಒಟ್ಟಿಗೆ ಜೋರಾಗಿರುವ ನಡುವಿನ ಹೊತ್ತನ್ನಷ್ಟೇ ಬಯಲಿನ ಆಟದಿಂದ ತೆಗೆದುಹಾಕಿದರೆ ದಿನದ ಉಳಿದ ಭಾಗ ಮಕ್ಕಳಿಗೆ ಸಿಗುತ್ತದೆ.

ಆ ನಡುವಿನ ಹೊತ್ತನ್ನು ಗುರುತಿಸುವುದು ಹೇಗೆ? ಗಡಿಯಾರ ನೋಡಿ ಎನ್ನಲಾರೆ, ಏಕೆಂದರೆ ಗಡಿಯಾರದ ಹನ್ನೆರಡಕ್ಕೂ ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತಿಗೂ ಊರಿಂದ ಊರಿಗೆ ವ್ಯತ್ಯಾಸವಿದೆ. ಕೆಲವೆಡೆ ಒಂದು ಗಂಟೆಗೂ ಮೀರಿದ ವ್ಯತ್ಯಾಸ. ಅದಕ್ಕಿಂತ ನಂಬಬಹುದಾದ ಮಾಪಕ ಮಗುವಿನ ಕಾಲ ಕೆಳಗೇ ಇದೆ. ನೆರಳು ಮಗುವಿನ ಎತ್ತರಕ್ಕಿಂತ ಉದ್ದವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ, ಆಡಲು ಅಡ್ಡಿಯಿಲ್ಲ. ನೆರಳು ಎತ್ತರಕ್ಕಿಂತ ಗಿಡ್ಡವಾಯಿತೆಂದರೆ ಮರದಡಿಗೆ ಬರಬೇಕು. ನಾನು ಕಲಿಸುವ ಮಕ್ಕಳಿಗೆ ಇದನ್ನು ಆಟವಾಗಿಯೇ ಹೇಳಿಕೊಟ್ಟಿದ್ದೇನೆ. ಒಬ್ಬ ನೆಟ್ಟಗೆ ನಿಲ್ಲುತ್ತಾನೆ, ಇನ್ನೊಬ್ಬಳು ಅವನ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾಳೆ, ಆಮೇಲೆ ಅವನು ಆ ನೆರಳಿನ ಮೇಲೆ ಉದ್ದಕ್ಕೆ ಮಲಗಿ ತಲೆ ಗೆರೆಯನ್ನು ದಾಟುತ್ತದೋ ಇಲ್ಲವೋ ನೋಡುತ್ತಾರೆ. ತಲೆ ದಾಟಿತೆಂದರೆ ಎಲ್ಲರೂ ನೆರಳಿಗೆ ಓಡಬೇಕು. ದೊಡ್ಡವರು ನೂರು ಸಲ ಕೂಗಿದರೂ ಕೇಳದವರು ಈ ಗೆರೆಯ ಮಾತನ್ನು ಕೇಳುತ್ತಾರೆ. ಮಲಗುವ ಮೊದಲು ನೆಲ ಕಾದಿದೆಯೇ ಎಂದು ಮುಟ್ಟಿ ನೋಡಿಕೊಳ್ಳಬೇಕು, ಅಷ್ಟೆ.

ಅಂಕಿಯೇ ಬೇಕು ಎನ್ನುವವರಿಗೆ ಯುವಿ, ಅಂದರೆ ಅತಿನೇರಳೆ ಕಿರಣದ, ಸೂಚ್ಯಂಕವಿದೆ. 1992ರಲ್ಲಿ ಕೆನಡಾ ದೇಶದಲ್ಲಿ ಶುರುವಾದ ಈ ಅಳತೆ ಈಗ ಹವಾಮಾನ ತಿಳಿಸುವ ಬಹುತೇಕ ಮೊಬೈಲ್ ಆ್ಯಪ್‌ಗಳಲ್ಲಿ ಸಿಗುತ್ತದೆ. ಅದು 3 ಮುಟ್ಟಿದಾಗ ರಕ್ಷಣೆ ಶುರುವಾಗಬೇಕು, 8 ಮುಟ್ಟಿದರೆ ಬಯಲನ್ನು ಬಿಡಬೇಕು, 11 ಮತ್ತು ಅದಕ್ಕೆ ಮೇಲ್ಪಟ್ಟದ್ದು ವಿಪರೀತ ಎಂದು ಇಟ್ಟುಕೊಂಡರೆ ನಮ್ಮ ಕೆಲಸಕ್ಕೆ ಸಾಕು. ಮೋಡ ಕವಿದಿದೆಯೆಂದು ಮೈಮರೆಯಬೇಡಿ, ತೆಳು ಮೋಡವನ್ನು ಶೇ. 80ರವರೆಗೂ ಅತಿನೇರಳೆ ಕಿರಣ ತೂರಿ ಬರಬಲ್ಲದು. ಸಮುದ್ರ ಮಟ್ಟದಿಂದ ಮೇಲೆ ಹೋದಂತೆ ಪ್ರತಿ 1,000 ಮೀಟರಿಗೆ ಅದು ಸುಮಾರು ಶೇ. 10ರಷ್ಟು ಏರುತ್ತದೆ, ಬೆಟ್ಟದ ತಂಪಿನಲ್ಲಿ ರಜೆ ಕಳೆದ ಮಕ್ಕಳ ಮೂಗು ಸಿಪ್ಪೆ ಸುಲಿದಂತಾಗುವುದಕ್ಕೆ ಇದೇ ಕಾರಣ. ಒಣ ಮರಳು ಶೇ. 15ರಷ್ಟನ್ನು ಮೇಲಕ್ಕೆ ಹಿಂದಿರುಗಿಸುತ್ತದೆ. ನೀರೊಳಗೆ ಅರ್ಧ ಮೀಟರ್ ಆಳದಲ್ಲಿಯೂ ಮೇಲ್ಮೈಯ ಶೇ. 40ರಷ್ಟು ಕಿರಣವಿರುವುದರಿಂದ ಈಜುವ ಮಗು ತಂಪಾಗಿದೆ ಎಂದ ಮಾತ್ರಕ್ಕೆ ಅದರ ಬೆನ್ನು ಕ್ಷೇಮವಾಗಿದೆ ಎಂದಲ್ಲ.

ಚರ್ಮ ಸುಡುವುದರ ದೊಡ್ಡ ಮೋಸ ಅದರ ತಡ. ಬಿಸಿಲಿನಲ್ಲಿದ್ದಾಗ ಏನೂ ಅನಿಸದ ಮಗುವಿನ ಹೆಗಲು ಮೂರು ನಾಲ್ಕು ಗಂಟೆಗಳ ಬಳಿಕ ಕೆಂಪಾಗುತ್ತದೆ, ಉರಿ ತಾರಕಕ್ಕೇರುವುದು 12ರಿಂದ 24 ಗಂಟೆಗಳ ನಡುವೆ. ಉರಿದಾಗ ಒಳಗೆ ಬಾ ಎಂದು ಮಗುವಿಗೆ ಹೇಳಿಕೊಡುವುದರಿಂದ ಪ್ರಯೋಜನವಿಲ್ಲ ಎಂಬುದಕ್ಕೆ ಇಷ್ಟೇ ಸಾಕು. ಸೂರ್ಯನ ಕಿರಣ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1992ರಲ್ಲೇ ನಿರ್ಣಯಿಸಿದೆ, ಮತ್ತು ಎಳವೆಯಲ್ಲಿ ಪದೇ ಪದೇ ಚರ್ಮ ಸುಟ್ಟುಕೊಂಡವರಿಗೆ ಮುಂದೆ ಅಪಾಯ ಹೆಚ್ಚು. ಕಪ್ಪು ಅಥವಾ ಕಂದು ಚರ್ಮದವರಿಗೆ ಮೈಬಣ್ಣದ ವಸ್ತುವಾದ ಮೆಲನಿನ್ ಕೊಡುವ ರಕ್ಷಣೆ ನಿಜವಾದದ್ದೇ, ಅವರಲ್ಲಿ ಚರ್ಮದ ಕ್ಯಾನ್ಸರ್ ವಿರಳ. ಆದರೆ ಕಣ್ಣಿಗೆ ಆ ರಕ್ಷಣೆಯಿಲ್ಲ. ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿಯಾಗಿರುವುದರಿಂದ ಹೆಚ್ಚಿನ ಕಿರಣವನ್ನು ಒಳಗೆ ಬಿಡುತ್ತದೆ. ಶಾಖಕ್ಕಂತೂ ಬಣ್ಣದ ಭೇದವೇ ಇಲ್ಲ. ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಗಳು ಕಪ್ಪಗಾಗುತ್ತಾಳೆ ಎಂಬ ಅಂಜಿಕೆಯಿಂದ ಅವಳನ್ನು ಮೈದಾನದಿಂದ ಎಳೆದೊಯ್ಯುವವರನ್ನು ನಾನು ಕಂಡಿದ್ದೇನೆ; ಅದು ಆರೋಗ್ಯದ ಕಾಳಜಿಯಲ್ಲ, ಅದನ್ನು ಈ ಉಪನ್ಯಾಸದ ಆಧಾರದ ಮೇಲೆ ಸಮರ್ಥಿಸಿಕೊಳ್ಳಬೇಡಿ.

ರಕ್ಷಣೆಯ ಮಾತು ಬಂದೊಡನೆ ಎಲ್ಲರೂ ಸನ್‌ಸ್ಕ್ರೀನ್ ಬಗ್ಗೆ ಕೇಳುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ, ಅದಕ್ಕೆ ಕಾರಣ ಒಂದು ಸರಳ ಲೆಕ್ಕ. ಡಬ್ಬಿಯ ಮೇಲೆ ಬರೆದ ಎಸ್‌ಪಿಎಫ್ ಅಂಕಿಯನ್ನು, ಅಂದರೆ ಚರ್ಮ ಸುಡದಂತೆ ಅದು ಎಷ್ಟು ಕಾಯುತ್ತದೆ ಎಂಬ ಅಳತೆಯನ್ನು, ಪ್ರಯೋಗಾಲಯದಲ್ಲಿ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಆರೇಳು ವರ್ಷದ ಮಗುವಿನ ಮೈಯ ಹೊರಪದರ ಸುಮಾರು 8,000 ಚದರ ಸೆಂಟಿಮೀಟರ್ ಎಂದುಕೊಂಡರೆ ಇಡೀ ಮೈಗೆ ಒಂದು ಸಲಕ್ಕೆ 16 ಗ್ರಾಂ ಬೇಕು. 50 ಗ್ರಾಂನ ಟ್ಯೂಬು ಮೂರು ಸಲಕ್ಕೆ ಖಾಲಿ. ಎರಡು ಗಂಟೆಗೊಮ್ಮೆ, ಬೆವರಿದರೆ ಅಥವಾ ನೀರಿಗಿಳಿದರೆ ಮತ್ತೊಮ್ಮೆ ಹಚ್ಚಬೇಕೆಂಬುದನ್ನೂ ಸೇರಿಸಿ ನೋಡಿ. ಯಾರೂ ಹಾಗೆ ಹಚ್ಚುವುದಿಲ್ಲ. ಸಾಮಾನ್ಯವಾಗಿ ಜನ ಹಚ್ಚುವುದು ಅದರ ಕಾಲು ಭಾಗದಿಂದ ಅರ್ಧ, ಹಾಗೆ ತೆಳುವಾಗಿ ಸವರಿದಾಗ 50 ಎಂದು ಬರೆದದ್ದು 50ರ ಕೆಲಸ ಮಾಡುವುದಿಲ್ಲ. ಅದೇ ಮಗುವಿಗೆ ಮೊಣಕೈ ಮುಚ್ಚುವ ಸಡಿಲವಾದ ಅಂಗಿ, ಮೊಣಕಾಲು ದಾಟಿದ ಚಡ್ಡಿ, ಅಗಲ ಅಂಚಿನ ಟೋಪಿ ಹಾಕಿದರೆ ಬಿಸಿಲಿಗೆ ಒಡ್ಡಿಕೊಳ್ಳುವ ಚರ್ಮ ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ಒಂದು ಸಣ್ಣ ಚಮಚದಷ್ಟು ಸನ್‌ಸ್ಕ್ರೀನ್ ಸಾಕು, ಅಷ್ಟನ್ನು ಸರಿಯಾಗಿ ಹಚ್ಚುವ ತಾಳ್ಮೆ ತಾಯಿಗೂ ಇರುತ್ತದೆ, ಮಗುವಿಗೂ ಇರುತ್ತದೆ. ಹೊರಡುವ ಕಾಲು ಗಂಟೆ ಮೊದಲು, ಕಿವಿಯ ಮೇಲಂಚು, ಕುತ್ತಿಗೆಯ ಹಿಂಭಾಗ, ಪಾದದ ಮೇಲ್ಭಾಗಗಳನ್ನು ಮರೆಯದೆ ಹಚ್ಚಿ. ಎಸ್‌ಪಿಎಫ್ 30 ಇರುವುದು ಚರ್ಮ ಸುಡುವ ಕಿರಣಗಳಲ್ಲಿ ಶೇ. 97ರಷ್ಟನ್ನು ತಡೆದರೆ 50 ಇರುವುದು ಶೇ. 98ರಷ್ಟನ್ನು ತಡೆಯುತ್ತದೆ, ಆದ್ದರಿಂದ ಅಂಕಿಗಿಂತ ಅಳತೆಗೆ ಗಮನ ಕೊಡುವುದು ಲೇಸು. ಅದು ಕೆಲಸಕ್ಕೆ ಬಾರದ್ದು ಎಂದು ಮಾತ್ರ ತಿಳಿಯಬೇಡಿ. ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದ ದೀರ್ಘಕಾಲದ ಪರೀಕ್ಷೆಯಲ್ಲಿ ದಿನವೂ ತಪ್ಪದೆ ಹಚ್ಚಿದವರಿಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಂದದ್ದು ಉಳಿದವರಿಗಿಂತ ಸುಮಾರು ಅರ್ಧದಷ್ಟು.

ಟೋಪಿಯ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಕ್ರಿಕೆಟ್ ಆಟಗಾರರ ಥರ ಮುಂದೆ ಮಾತ್ರ ಚಾಚಿದ ಟೋಪಿ ಮಕ್ಕಳಿಗೆ ಚಂದ ಕಾಣಬಹುದು, ಆದರೆ ಅದು ಕಿವಿಯನ್ನೂ ಕತ್ತನ್ನೂ ಬಿಸಿಲಿಗೆ ಬಿಟ್ಟುಕೊಡುತ್ತದೆ. ಸುತ್ತಲೂ ನಾಲ್ಕು ಬೆರಳಗಲದ ಅಂಚಿರುವ ಟೋಪಿಯೇ ಬೇಕು. ಆಸ್ಟ್ರೇಲಿಯಾದ ಎಷ್ಟೋ ಶಾಲೆಗಳಲ್ಲಿ ಟೋಪಿ ತರದ ಮಗು ಆ ದಿನ ಬಯಲಿಗಿಳಿಯುವಂತಿಲ್ಲ, ನೆರಳಿನಲ್ಲೇ ಆಡಬೇಕು. ನಿಯಮ ಎಲ್ಲರಿಗೂ ಒಂದೇ ಆದಾಗ ಟೋಪಿ ಹಾಕಿದವನನ್ನು ಗೇಲಿ ಮಾಡುವವರು ಉಳಿಯುವುದಿಲ್ಲ ಎಂಬುದು ಅದರ ಜಾಣ್ಮೆ. ತಂಪು ಕನ್ನಡಕ ಕೊಡಿಸುವುದಾದರೆ ಯುವಿ 400 ಎಂದು ಬರೆದಿರುವುದನ್ನೇ ಕೊಡಿಸಿ. ಬರೀ ಕಪ್ಪು ಗಾಜಿನ ಆಟಿಕೆ ಕನ್ನಡಕ ಕಣ್ಣಿನ ಪಾಪೆಯನ್ನು ಅಗಲಿಸಿ ಹಾನಿಯನ್ನೇ ಹೆಚ್ಚಿಸಬಹುದು.

ಈಗ ಶಾಖದ ವಿಷಯ, ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ರಜೆಯ ಶಿಬಿರದ ಎರಡನೇ ದಿನ, ಬೆಳಗಿನ ಒಂಬತ್ತೂವರೆಯ ಸುಮಾರಿಗೆ ಹನ್ನೊಂದು ಹನ್ನೆರಡು ವರ್ಷದ ಮಕ್ಕಳನ್ನು ಮೈದಾನದ ಸುತ್ತ ಓಡಿಸುತ್ತಿದ್ದೆ. ಆರು ಸುತ್ತು ಮುಗಿಸಿದ ಮೇಲೆ ನೀರು ಎಂದು ಹೇಳಿದ್ದೆ. ಆಗ ನಾನು ಅದನ್ನು ಶಿಸ್ತು ಎಂದುಕೊಂಡಿದ್ದೆ. ನಾಲ್ಕನೇ ಸುತ್ತಿನಲ್ಲಿ ಒಬ್ಬ ಹುಡುಗ ಗೆರೆ ಬಿಟ್ಟು ಪಕ್ಕಕ್ಕೆ ವಾಲುತ್ತ ಬಂದ. ಮುಖ ಕೆಂಡದಂತಿತ್ತು. ಹೆಸರು ಹಿಡಿದು ಕೂಗಿದರೆ ನನ್ನ ಕಡೆ ನೋಡಿ, "ಸರ್, ಬಸ್ ಹೋಯ್ತಾ?" ಎಂದ. ಅಲ್ಲಿ ಯಾವ ಬಸ್ಸೂ ಇರಲಿಲ್ಲ. ನಮ್ಮ ಜೊತೆಗಿದ್ದ ಹಿರಿಯ ಶಿಕ್ಷಕಿಯೊಬ್ಬರು ನನ್ನನ್ನು ಪಕ್ಕಕ್ಕೆ ಸರಿಸಿ ಅವನನ್ನು ಮರದಡಿಗೆ ಎಳೆದೊಯ್ದು, ಅಂಗಿ ಬಿಚ್ಚಿಸಿ, ಕೈತೊಳೆಯುವ ನಲ್ಲಿಯಿಂದ ಬಕೆಟ್ಟುಗಟ್ಟಲೆ ನೀರು ತಂದು ಸುರಿದರು. ನಾನು ಹಾಜರಿ ಪುಸ್ತಕದ ರಟ್ಟಿನಿಂದ ಗಾಳಿ ಬೀಸುತ್ತ ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಅವನ ಮಾತು ಸರಿಹೋಯಿತು, ಆಸ್ಪತ್ರೆಗೆ ಕರೆದೊಯ್ದೆವು, ಸಂಜೆಗೆ ಮನೆಗೆ ಬಂದ. ಆ ದಿನದಿಂದ ನನ್ನ ಮೈದಾನದಲ್ಲಿ ನೀರಿಗೆ ಅನುಮತಿ ಕೇಳುವ ಪದ್ಧತಿಯಿಲ್ಲ.

ಅಂದು ಆದದ್ದೇನು ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ದುಡಿಯುವ ಸ್ನಾಯು ತಾನು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತದೆ, ಉಳಿದದ್ದೆಲ್ಲ ಶಾಖ. ಅದನ್ನು ಹೊರಹಾಕಲು ದೇಹಕ್ಕಿರುವ ದೊಡ್ಡ ದಾರಿ ಬೆವರು. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಅದರೊಂದಿಗೆ ಹೋಗುತ್ತದೆ. ಆರಬೇಕು ಎಂಬುದೇ ಮುಖ್ಯ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಹನಿಹನಿಯಾಗಿ ನೆಲಕ್ಕೆ ಬೀಳುತ್ತದೆಯೇ ಹೊರತು ಆರುವುದಿಲ್ಲ, ಮೈ ತಣಿಯುವುದಿಲ್ಲ. ಆದ್ದರಿಂದ ಉಷ್ಣಾಂಶ ಎಷ್ಟು ಎಂಬುದರ ಜೊತೆಗೆ ತೇವಾಂಶ ಎಷ್ಟು ಎಂದೂ ನೋಡುವ ಅಭ್ಯಾಸ ಬೇಕು. ಹವಾಮಾನ ವರದಿಯ ಉಷ್ಣಾಂಶ ನೆರಳಿನಲ್ಲಿ, ನೆಲದಿಂದ ಆಳೆತ್ತರದಲ್ಲಿ ಅಳೆದದ್ದು ಎಂಬುದನ್ನೂ ಮರೆಯಬಾರದು. ಮೂರು ವರ್ಷದ ಮಗುವಿನ ತಲೆ ಇರುವುದು ಕಾದ ನೆಲಕ್ಕೆ ಇನ್ನೂ ಹತ್ತಿರದಲ್ಲಿ.

ಮಕ್ಕಳ ದೇಹ ಶಾಖವನ್ನು ತಾಳಲಾರದು ಎಂಬ ಹಳೆಯ ಅಭಿಪ್ರಾಯವನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ತಿದ್ದಿಕೊಂಡಿತು. ನೀರು ಸಾಕಷ್ಟಿದ್ದರೆ ಮಕ್ಕಳೂ ದೊಡ್ಡವರಷ್ಟೇ ತಾಳಿಕೊಳ್ಳಬಲ್ಲರು. ಅಪಾಯವನ್ನು ಸೃಷ್ಟಿಸುವುದು ನೀರಿನ ಕೊರತೆ, ಬಿಡುವಿಲ್ಲದ ಅಭ್ಯಾಸ, ಒಗ್ಗಿಕೊಳ್ಳಲು ಕೊಡದ ಅವಸರ. ಇದನ್ನು ಇನ್ನೊಂದು ಅಧ್ಯಯನದ ಜೊತೆಗಿಟ್ಟು ನೋಡಿದಾಗ ನನಗೆ ಬಹಳ ಸಂಗತಿ ಸ್ಪಷ್ಟವಾಯಿತು. 1995ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಮ್ಮ ಪಾಡಿಗೆ ಆಡುವ ಮಕ್ಕಳನ್ನು ಕ್ಷಣಕ್ಷಣವೂ ಗಮನಿಸಿದಾಗ, ಅವರ ಬಿರುಸಿನ ಚಲನೆಗಳಲ್ಲಿ ಶೇ. 95ರಷ್ಟು 15 ಸೆಕೆಂಡ್ ಕೂಡ ಮುಟ್ಟುತ್ತಿರಲಿಲ್ಲ. ಮುಟ್ಟಾಟ ಆಡುವ ಮಕ್ಕಳನ್ನು ನೋಡಿ. ಓಡುತ್ತಾರೆ, ನಿಲ್ಲುತ್ತಾರೆ, ಜಗಳವಾಡುತ್ತಾರೆ, ಮರಕ್ಕೆ ಒರಗುತ್ತಾರೆ, ಮತ್ತೆ ಓಡುತ್ತಾರೆ. ಸೆಖೆಯಾದರೆ ತಾವೇ ನೆರಳಿಗೆ ಬಂದು ಕುಕ್ಕರಿಸುತ್ತಾರೆ. ಹಾಗೆ ನಿಲ್ಲುವ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದು ಸೀಟಿ ಹಿಡಿದ ನನ್ನಂಥವರು. ಬೇಸಿಗೆಯಲ್ಲಿ ಶಿಬಿರಗಳಿಗೆ ಮಕ್ಕಳನ್ನು ಸೇರಿಸುವ ಮೊದಲು ಅಲ್ಲಿನ ತರಬೇತುದಾರರನ್ನು ಒಂದೇ ಪ್ರಶ್ನೆ ಕೇಳಿ: ಅಭ್ಯಾಸದ ನಡುವೆ ಮಗು ಯಾರನ್ನೂ ಕೇಳದೆ ಹೋಗಿ ನೀರು ಕುಡಿಯಬಹುದೆ? ಉತ್ತರ ಕೊಡಲು ತಡಬಡಾಯಿಸಿದರೆ ಬೇರೆ ಶಿಬಿರ ಹುಡುಕಿ.

ದೇಹ ಶಾಖಕ್ಕೆ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಬರತೊಡಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಹದಕ್ಕೆ ಬರುತ್ತದೆ. ತಂಪು ಕೋಣೆಯಲ್ಲಿ ವಾರಗಟ್ಟಲೆ ಕುಳಿತ ಮಗುವನ್ನು ಮೊದಲ ದಿನವೇ ಎರಡು ಗಂಟೆ ಓಡಿಸಬಾರದು. 20 ನಿಮಿಷದಿಂದ ಶುರುಮಾಡಿ ಮೆಲ್ಲಗೆ ಏರಿಸಬೇಕು. ಜ್ವರ, ಭೇದಿಯಿಂದ ಎದ್ದ ಮಗುವಿಗೆ ಲೆಕ್ಕ ಮತ್ತೆ ಮೊದಲಿನಿಂದ. ಆಡುವಾಗ 9ರಿಂದ 12 ವರ್ಷದವರಿಗೆ 20 ನಿಮಿಷಕ್ಕೊಮ್ಮೆ 100ರಿಂದ 250 ಮಿಲಿಲೀಟರ್, ಅಂದರೆ ಅರ್ಧ ಲೋಟದಿಂದ ಒಂದು ಲೋಟ ನೀರು ಸಾಕೆಂದು ಆ ಅಕಾಡೆಮಿಯ ಸಲಹೆ. ಒಂದು ಗಂಟೆಯೊಳಗಿನ ಆಟಕ್ಕೆ ಬರೀ ನೀರೇ ಸಾಕು, ಬಣ್ಣದ ಬಾಟಲಿಗಳ ಅಗತ್ಯವಿಲ್ಲ. ಮಗು ಸಾಕಷ್ಟು ಕುಡಿದಿದೆಯೇ ಎಂಬುದನ್ನು ಮೂತ್ರದ ಬಣ್ಣ ಹೇಳುತ್ತದೆ: ತಿಳಿ ಹಳದಿಯಾದರೆ ಸರಿ, ಗಾಢವಾಗಿದ್ದರೆ ಇಲ್ಲ. ಇದನ್ನು ಮಕ್ಕಳಿಗೆ ಹೇಳಿಕೊಟ್ಟರೆ ನಗುತ್ತಾರೆ, ಆದರೆ ನೋಡಿಕೊಳ್ಳುತ್ತಾರೆ.

ತಲೆನೋವು, ವಾಕರಿಕೆ, ಸುಸ್ತು, ಮೀನಖಂಡದ ಸೆಳೆತ ಕಂಡರೆ ಆಟ ನಿಲ್ಲಿಸಿ, ನೆರಳಿಗೆ ಕರೆತಂದು, ನೀರು ಕೊಟ್ಟು ಮಲಗಿಸಬೇಕು. ಮಾತು ತಡವರಿಸಿದರೆ, ಮಗು ಅಸಂಬದ್ಧವಾಗಿ ಆಡಿದರೆ, ವಾಲಿದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ. ಒಳಮೈಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಬೆವರು ನಿಂತಿರಲೇಬೇಕೆಂಬ ನಿಯಮವಿಲ್ಲ, ಓಡುತ್ತಿದ್ದ ಮಗುವಿನ ಮೈ ಒದ್ದೆಯಾಗಿಯೇ ಇರಬಹುದು. ಆ್ಯಂಬುಲೆನ್ಸಿಗೆ ಕರೆ ಮಾಡಿ, ಆದರೆ ಅದು ಬರುವವರೆಗೆ ಕಾಯಬೇಡಿ. ಮೈಗೆ ನೀರು ಸುರಿದು ಗಾಳಿ ಹಾಕುವುದನ್ನು ತಕ್ಷಣ ಶುರುಮಾಡಬೇಕು, ಮುಳುಗಿಸಿ ಕೂರಿಸಲು ತಣ್ಣೀರಿನ ತೊಟ್ಟಿಯಿದ್ದರೆ, ತಲೆ ನೀರಿನ ಮೇಲಿರುವಂತೆ ಹಿಡಿದುಕೊಳ್ಳಲು ಜನರಿದ್ದರೆ, ಇನ್ನೂ ಒಳ್ಳೆಯದು. ಪ್ರಜ್ಞೆಯಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಇದು ಜ್ವರವಲ್ಲ.

ಆಟದ ಸಲಕರಣೆಗಳ ಬಗ್ಗೆ ಎರಡು ಮಾತು. ಬಿಸಿಲಿಗೆ ಕಾದ ಲೋಹದ ಜಾರುಬಂಡೆ, ಕಪ್ಪು ರಬ್ಬರಿನ ನೆಲಹಾಸು, ಕೃತಕ ಹುಲ್ಲು ಇವು ಗಾಳಿಗಿಂತ ಎಷ್ಟೋ ಪಾಲು ಹೆಚ್ಚು ಬಿಸಿಯಾಗಿ, ಎಳೆ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡಬಲ್ಲವು. ಅಂಗೈಯ ಹಿಂಭಾಗವನ್ನು ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಹಿಡಿಯಲಾಗದಿದ್ದರೆ ಮಗುವನ್ನು ಹತ್ತಿಸಬೇಡಿ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷಕ್ಕೂ ಬಿಡಬಾರದು. ಹತ್ತೇ ನಿಮಿಷದಲ್ಲಿ ಒಳಗಿನ ಉಷ್ಣಾಂಶ ಸುಮಾರು 10 ಡಿಗ್ರಿ ಏರಬಲ್ಲದು, ಕಿಟಕಿಯನ್ನು ಬೆರಳಗಲ ಇಳಿಸಿಟ್ಟರೆ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ನೀರಾಟಕ್ಕೆ ಕರೆದೊಯ್ದರೆ ಈಜು ಬಾರದ ಮಗು ನಿಮ್ಮ ಕೈಗೆಟಕುವ ದೂರದಲ್ಲೇ ಇರಬೇಕು, ಮೊಬೈಲು ಚೀಲದಲ್ಲಿರಬೇಕು.

ಕೊನೆಯದಾಗಿ ನೆರಳು. ಒಂಟಿ ಛತ್ರಿಯ ಕೆಳಗೆ ಕೂತವರಿಗೂ ಚರ್ಮ ಸುಡುವುದುಂಟು, ಏಕೆಂದರೆ ಅತಿನೇರಳೆ ಕಿರಣದ ದೊಡ್ಡ ಪಾಲು ಸೂರ್ಯನಿಂದ ನೇರವಾಗಿ ಬಾರದೆ ಆಕಾಶದ ತುಂಬ ಚದುರಿ ಎಲ್ಲ ಕಡೆಯಿಂದಲೂ ಬರುತ್ತದೆ. ನೆರಳಿನಲ್ಲಿ ನಿಂತು ತಲೆಯೆತ್ತಿ ನೋಡಿ. ಎಷ್ಟು ಆಕಾಶ ಕಾಣುತ್ತದೆಯೋ ಅಷ್ಟು ಕಿರಣ ಒಳಗೆ ಬರುತ್ತಿದೆ ಎಂದು ಲೆಕ್ಕ. ಒತ್ತಾಗಿ ಎಲೆಯಿರುವ ಎರಡು ಮೂರು ಮರಗಳ ಗುಂಪು, ಅಥವಾ ಒಂದು ಪಕ್ಕ ಗೋಡೆಯಿರುವ ಅಗಲವಾದ ಚಾವಣಿ, ಒಂಟಿ ಛತ್ರಿಗಿಂತ ಎಷ್ಟೋ ಮೇಲು. ಶಾಲೆಯವರು ಆಟದ ಸಾಮಾನಿಗೆ ಹಣ ಎತ್ತುವಾಗ ಮೊದಲು ಜಾರುಬಂಡೆಯ ಮೇಲೆ ಬೀಳುವ ನೆರಳಿಗೆ ಎತ್ತಲಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತಿರುತ್ತೇನೆ. ಉರಿಬಿಸಿಲಿನ ಆ ಹೊತ್ತಿನಲ್ಲಿ ಮನೆಯೊಳಗೆ ಕುಂಟೆಬಿಲ್ಲೆಗೆ ನೆಲದ ಮೇಲೆ ಗೆರೆ ಎಳೆಯಬಹುದು, ಹಾಡು ಹಾಕಿ ಕುಣಿಯಬಹುದು, ಹಗ್ಗದಾಟ ಆಡಬಹುದು; ನೆಲ ಕೊಳೆಯಾಗುತ್ತದೆ, ಸದ್ದಾಗುತ್ತದೆ, ಅದನ್ನು ಸಹಿಸಬೇಕು.

ಉಪನ್ಯಾಸ ಮುಗಿದ ಮೇಲೆ, ಮಡಿಲಲ್ಲಿ ನಾಲ್ಕು ತಿಂಗಳ ಮೊಮ್ಮಗುವನ್ನು ಮಲಗಿಸಿಕೊಂಡಿದ್ದ ಅಜ್ಜಿಯೊಬ್ಬರು ಎದ್ದುನಿಂತು, "ಈ ಕೂಸಿಗೂ ಆ ಕ್ರೀಮು ಹಚ್ಚಬೇಕಾ?" ಎಂದು ಕೇಳಿದರು. ಬೇಡ ಎಂದೆ. ಆರು ತಿಂಗಳು ತುಂಬುವವರೆಗೆ ಕೂಸಿನ ಚರ್ಮ ಬಹಳ ತೆಳು, ಹಚ್ಚಿದ್ದನ್ನು ಹೀರಿಕೊಳ್ಳುವುದು ಹೆಚ್ಚು. ಅದಕ್ಕೆ ನೆರಳು, ತೆಳುವಾದ ಅಂಗಿ, ಟೋಪಿ ಇಷ್ಟೇ ಸಾಕು. ತಳ್ಳುಗಾಡಿಯ ಮೇಲೆ ಬಟ್ಟೆ ಹೊದಿಸಿ ಮುಚ್ಚಬೇಡಿ, ಒಳಗೆ ಗಾಳಿಯಾಡದೆ ಕೂಸು ಬೇಯುತ್ತದೆ ಎಂದೂ ಸೇರಿಸಿದೆ. ಅವರು ತಲೆಯಾಡಿಸಿ, ಕೂಸನ್ನು ಕಿಟಕಿಯ ಬಿಸಿಲು ತಾಗದ ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡು ಕುಳಿತರು.